ಹಿತ್ತಾಳೆ ಬಿಟ್ಟು ಮರ ಕದ್ದವನು

1953ರ ಮೇ 6, ಬುಧವಾರ. ಬೆಳಗ್ಗೆ ಒಂಬತ್ತಕ್ಕೆ ಶಾಂಜೆಲಿಜೆ ಠಾಣೆಯ ಮೆಟ್ಟಿಲು ಹತ್ತಿ ಬಂದವರ ಕೋಟು ಇಸ್ತ್ರಿ ಮುರಿಯದ್ದು, ಗಡ್ಡ ಮಾತ್ರ ಹೆರೆಯದ್ದು. ಹೆಸರು ಸೆವೆರಿನ್ ವೊಕ್ಲೇರ್. ವೃತ್ತಿ ಒಳಾಂಗಣ ಅಲಂಕಾರ ಮತ್ತು ಪೀಠೋಪಕರಣ ವಿನ್ಯಾಸ. ಕಳುವಾದ ವಸ್ತು: ಒಂದು ಕುರ್ಚಿ.

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಪ್ಲುವಿಯೆ ಪೆನ್ನು ನಿಲ್ಲಿಸಿದ.

"ಎಷ್ಟು ಕುರ್ಚಿ ಸಾರ್?"

"ಒಂದು ಅಂದ್ನಲ್ಲ."

"ಒಂದೇ ಒಂದಾ?"

"ರೀ, ಅದು ನೀವು ಕೂತಿರೋ ಥರದ ಮಣೆ ಅಲ್ಲ. ಅದು 'ಅಲೆ'! ಪೇಪರ್ ಓದೋದಿಲ್ವಾ ನೀವು?"

ಪ್ಲುವಿಯೆ ಪೇಪರಿನಲ್ಲಿ ಓದುತ್ತಿದ್ದುದು ಸೈಕಲ್ ಪಂದ್ಯದ ಪುಟ ಮಾತ್ರ. ಒಳಗಿನಿಂದ ಇನ್ಸ್‌ಪೆಕ್ಟರ್ ಕೊರೆಂತಿನ್ ಕೆರ್ದಾನಿಯೆಲ್ ಎದ್ದು ಬಂದ. ಬ್ರೆತಾಞ್ ಕಡೆಯವನು, ಐವತ್ತು ದಾಟಿದವನು, ಹೆಚ್ಚು ಮಾತಿಲ್ಲ. ವೊಕ್ಲೇರ್‌ಗೆ ಕಾಫಿ ತರಿಸಿ ಮೊದಲಿನಿಂದ ಹೇಳಿಸಿದ.

ಹತ್ತಿರದ ಗಾಜಿನ ಛಾವಣಿಯ ಭವನದಲ್ಲಿ ಅಲಂಕಾರಕಾರರ ವಾರ್ಷಿಕ ಪ್ರದರ್ಶನ. ಶನಿವಾರ ಮಂತ್ರಿಗಳಿಂದ ಉದ್ಘಾಟನೆ. ಅದೇ ದಿನ ಒಂದು ಹಡಗು ಕಂಪನಿಯ ನಿರ್ದೇಶಕರು ಬಂದು 'ಅಲೆ'ಯಲ್ಲಿ ಇನ್ನೊಮ್ಮೆ ಕುಳಿತು ನೋಡಿ, ಹೊಸ ಹಡಗಿನ ಹಜಾರಕ್ಕೆ ಅದನ್ನೇ ಒಪ್ಪುವುದೆಂದು ಮಾತಾಗಿತ್ತು. ಸೋಮವಾರ ಸಂಜೆ ಕುರ್ಚಿ ಇತ್ತು. ಮಂಗಳವಾರ ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ವೇದಿಕೆ ಖಾಲಿ. ಸಂಜೆವರೆಗೂ ಭವನವನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಒಬ್ರಾ ಇಬ್ರಾ? ಆ ಭವನದಲ್ಲಿ ಮಳಿಗೆ ಹಾಕಿರೋರೆಲ್ಲಾ ನನ್ನ ಕಂಡ್ರೆ ಹೊಟ್ಟೆ ಉರ್ಕೊಳ್ಳೋರೇ."

ದೂರು ದಾಖಲಾಯಿತು. ಹತ್ತೂವರೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಮಹಜರು ಶುರುವಾಯಿತು.

ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ ನಿಜ, ಆದರೆ ವೇದಿಕೆ ಖಾಲಿಯೂ ಇರಲಿಲ್ಲ. ಕರುವಿನ ಚರ್ಮದ ದಪ್ಪ ದಿಂಬೊಂದು ಗೋಡೆಗೆ ಒರಗಿತ್ತು. ಅದರ ಮುಂದೆ ಕುರ್ಚಿಯ ಕಾಲಿಗೆ ಹಾಕಿದ್ದ ನಾಲ್ಕು ಹಿತ್ತಾಳೆ ಗೊರಸುಗಳು, ಥಳಥಳ ಹೊಳೆಯುತ್ತ, ಸಾಲಾಗಿ. ಕೆರ್ದಾನಿಯೆಲ್ ಒಂದನ್ನು ಕೈಗೆತ್ತಿಕೊಂಡ. ಭಾರವಾಗಿತ್ತು. ಕಿತ್ತ ತಿರುಪುಗಳನ್ನು ಕಿತ್ತವನು ಎಸೆದಿರಲಿಲ್ಲ, ಜೇಬಿಗೂ ಹಾಕಿಕೊಂಡಿರಲಿಲ್ಲ. ಪ್ರತಿಯೊಂದನ್ನೂ ಅದರದರ ತೂತಿಗೆ ಮತ್ತೆ ತಿರುಗಿಸಿ ಕೂರಿಸಿದ್ದ.

"ಕಳ್ಳನ ತಲೇಲಿ ಏನಿದೆ ಸಾರ್? ಗುಜರಿಗೆ ಹಾಕಿದ್ರೂ ದುಡ್ಡು ಹುಟ್ಟೋ ಹಿತ್ತಾಳೆ ಬಿಟ್ಟು ಬರೀ ಮರ ಹೊತ್ಕೊಂಡು ಹೋಗಿದ್ದಾನೆ," ಎಂದ ಪ್ಲುವಿಯೆ.

"ತಿರುಪು ಕಳೆದುಹೋಗ್ಬಾರದು ಅಂತ ವಾಪಸ್ ಹಾಕೋರು ಯಾರು?"

"ನಮ್ಮಪ್ಪ ಎಲ್ಲಾ ತುರ್ಕೋದು ಬಿಸ್ಕತ್ ಡಬ್ಬಿಗೆ. ವಾಪಸ್ ತೂತಿಗೇ ಹಾಕೋರು ಅಂದ್ರೆ ಬಡಗಿಗಳು."

ಹೊಟ್ಟೆಕಿಚ್ಚಿನವನಾದರೆ ಕುರ್ಚಿ ಮುರಿದು ಹೋಗುತ್ತಿದ್ದ, ಕಳ್ಳನಾದರೆ ಹಿತ್ತಾಳೆ ಒಯ್ಯುತ್ತಿದ್ದ. ಬಂದವನು ಎರಡೂ ಮಾಡದೆ, ಬೇರೆಯವರ ಸಾಮಾನನ್ನು ಒಪ್ಪವಾಗಿ ಹಿಂತಿರುಗಿಸಿ ಹೋದಂತಿತ್ತು. ಕೆರ್ದಾನಿಯೆಲ್‌ಗೆ ಇದು ಹಿಡಿಸಲಿಲ್ಲ. ಅಚ್ಚುಕಟ್ಟಾದ ಕಳ್ಳರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಕಳವಳ.

ಬಾಗಿಲ ಕಾವಲುಗಾರ ಲೆಸ್ಕೂರ್ ಸಾರಿನ ಡಬ್ಬಿ ಮುಚ್ಚಿಟ್ಟು ಎದ್ದು ನಿಂತ.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಇಲ್ಲೇ. ಇಡೀ ಪ್ಯಾರಿಸ್ ಊಟಕ್ಕೆ ಕೂತಿರೋವಾಗ ನಾನೊಬ್ಬ ಬಾಗಿಲು ಕಾಯ್ತಿದ್ದೆ."

"ಕುರ್ಚಿ ಆಚೆ ಹೋಗಿದ್ದು ಕಂಡ್ಯಾ?"

"ಕುರ್ಚಿ ಕಾಣದೆ ಏನು ಸಾಹೇಬ್ರೆ, ವಾರದಿಂದ ಇಲ್ಲಿ ಮನುಷ್ಯರ ತಲೆಗಿಂತ ಕುರ್ಚೀನೇ ಜಾಸ್ತಿ. ಎಲ್ಲಾ ಬಡಗಿಗಳು ಬೋರಲು ಹಾಕಿ ತಲೆ ಮೇಲಿಟ್ಕೊಂಡು ಬರ್ತಾರೆ. ಮುಖ ಎಲ್ಲಿ ಕಾಣುತ್ತೆ?"

"ಬರ್ತಾರೆ ಸರಿ. ಹೋದೋರು?"

ಲೆಸ್ಕೂರ್ ಗಲ್ಲ ಕೆರೆದುಕೊಂಡ. "ಒಬ್ಬ ಹೋದ. ಹನ್ನೆರಡು ಹೊಡೆದಿತ್ತು. ಮಳೆ ತುಂತುರು. 'ಏನಯ್ಯಾ, ಕೊಡೆ ತಂದಿಲ್ವಾ?' ಅಂದೆ. ಒಳಗಿಂದಾನೇ 'ಇದೇ ಕೊಡೆ' ಅಂದ. ನಗು ಬಂತು. ಬಿಟ್ಟೆ."

"ಯಾವ ಕಡೆ ಹೋದ?"

"ಕೊಂಕಾರ್ದ್ ಚೌಕದ ಕಡೆ. ನಡ್ಕೊಂಡೇ."

ಅಂದು ಮಧ್ಯಾಹ್ನ ಕೆರ್ದಾನಿಯೆಲ್ ವೊಕ್ಲೇರ್ ಅವರ ಕಾರ್ಯಾಲಯಕ್ಕೆ ಹೋದ. ಅಲ್ಲಿ 'ಅಲೆ'ಯ ಮೂರು ನಕಲುಗಳಿದ್ದವು. ತೆಳು ಕಾಲು, ಬಾಗಿದ ಬೆನ್ನು, ಎಲ್ಲೂ ಒಂದು ಕೆತ್ತನೆಯ ಹೂವಿಲ್ಲ. ನೋಡಲು ಚೆಂದವೇ. ಕೂತು ನೋಡಿದ. ಎಡ ಸೊಂಟ ಜಾರಿತು, ಬಲಗೈಗೆ ಆಸರೆ ಸಿಗಲಿಲ್ಲ.

"ಬಲಗಡೆ ಕೈ ಎರಡು ಬೆರಳು ತಗ್ಗಾಗಿದೆ ಮುಸ್ಯೊ."

"ಅದೇ ಅದರ ಸೊಗಸು! ಸಮತೂಕದ ದಬ್ಬಾಳಿಕೆಯಿಂದ ಬಿಡುಗಡೆ ಅಂತ ಬರೆದಿದ್ದಾರೆ ವಿಮರ್ಶಕರು."

"ಯಾರಿಗೋಸ್ಕರ ಮಾಡಿದ್ದು ಇದು?"

"ಹೊಸ ಯುಗದ ಮನುಷ್ಯನಿಗೆ."

"ಹೊಸ ಯುಗದ ಮನುಷ್ಯನಿಗೆ ಬೆನ್ನು ಸೊಟ್ಟಗಿರುತ್ತಾ?"

ವೊಕ್ಲೇರ್ ಸಿಗರೇಟು ಹಚ್ಚಲು ಮೂರು ಕಡ್ಡಿ ಗೀರಿದರು. "ನಕಲುಗಳು ಸರಿ ಬಂದಿಲ್ಲ. ಮೂಲದಲ್ಲಿ ದಿಂಬು ಹಾಕಿ ಕೂತ್ರೆ ಏಳೋಕೇ ಮನಸ್ಸು ಬರಲ್ಲ. ಇವುಗಳಲ್ಲಿ ಯಾಕೆ ಹಾಗಾಗಲ್ವೋ ನಂಗೂ ಗೊತ್ತಿಲ್ಲ. ಅದಕ್ಕೇ ಮೂಲಾನೇ ಬೇಕು."

"ನೀವೇ ಮಾಡಿದ್ದು, ನಿಮಗೇ ಗೊತ್ತಿಲ್ವಾ?"

"ವಿನ್ಯಾಸ ನಂದು. ಕೈ ಯಾರದ್ದೋ. ಸಾಂತ್ ಆಂತ್ವಾನ್ ಕೇರೀಲಿ ಹತ್ತಾರು ಬಡಗಿಗಳು ನಂಗೆ ಕೆಲಸ ಮಾಡ್ತಾರೆ. ಎಲ್ಲರ ಹೆಸರು ನೆನಪಿಟ್ಕೊಳ್ಳೋಕಾಗುತ್ತಾ?"

ಸುಳ್ಳು ಎಂದು ಕೆರ್ದಾನಿಯೆಲ್‌ಗೆ ಅನಿಸಿತು. ಆದರೆ ದೂರು ಕೊಟ್ಟವರನ್ನೇ ಹಿಡಿದು ಅಲ್ಲಾಡಿಸುವಂತಿಲ್ಲ. ಮಂತ್ರಿಗಳ ಕಚೇರಿಯಿಂದ ಆಗಲೇ ಎರಡು ಸಲ ಫೋನ್ ಬಂದಿತ್ತು.

ಗುರುವಾರ ಕುರ್ಚಿಯ ಜಾಡು ಹಿಡಿಯುವ ಕೆಲಸ. ಬೇರೆ ಯಾವ ಕಸುಬಿನವನಾದರೂ ಟ್ಯಾಕ್ಸಿಯಲ್ಲೋ ಕೈಗಾಡಿಯಲ್ಲೋ ಮಾಲು ಸಾಗಿಸಿ ಕಣ್ಮರೆಯಾಗುತ್ತಿದ್ದ. ಆದರೆ ಸಾಂತ್ ಆಂತ್ವಾನ್ ಕೇರಿಯ ಬಡಗಿಗಳು ತಾತ ಮುತ್ತಾತಂದಿರ ಕಾಲದಿಂದ ತಾವು ಮಾಡಿದ್ದನ್ನು ತಲೆ ಮೇಲೆ ಹೊತ್ತು ಅಂಗಡಿ ಅಂಗಡಿ ಅಲೆದವರು. ಕದ್ದರೂ ತಲೆಯ ಮೇಲೆಯೇ ಹೊರುತ್ತಾರೆ. ನಡುಮಧ್ಯಾಹ್ನ ಪ್ಯಾರಿಸ್‌ನ ಉದ್ದಕ್ಕೂ ಹೀಗೆ ನಡೆದರೆ ದಾರಿಯಲ್ಲಿರುವ ಪೊಲೀಸರೆಲ್ಲ ನೋಡುತ್ತಾರೆಂಬ ಯೋಚನೆಯೇ ಅವರಿಗೆ ಬಾರದು.

ನೋಡಿಯೂ ಇದ್ದರು. ಕೊಂಕಾರ್ದ್ ಚೌಕದ ಸಂಚಾರಿ ಪೇದೆ, "ಹೌದು, ಅವನಿಗೋಸ್ಕರ ಎರಡು ಬಸ್ ನಿಲ್ಸಿದೆ. ಪಾಪ, ಮುಂದೆ ಕಾಣ್ತಿರಲಿಲ್ಲ," ಎಂದ. ಶಾತಲೆ ಚೌಕದ ಪೇದೆ ರಸ್ತೆ ದಾಟಿಸಿದ್ದ. ಸೇನ್ ಪೋಲ್ ಹತ್ತಿರದ ಕಫೆಯ ಮಾಲೀಕನಂತೂ ಮರೆತಿರಲೇ ಇಲ್ಲ.

"ಒಂದು ಲೋಟ ಬಿಳಿ ವೈನ್ ಕೇಳ್ದ. ಕುರ್ಚಿ ಆಚೆ ಇಡಯ್ಯಾ ಅಂದ್ರೆ ಕೇಳ್ತಾನಾ? ಫುಟ್‌ಪಾತ್ ಒದ್ದೆ ಅಂತ. ನನ್ನ ಅಮೃತಶಿಲೆ ಮೇಜಿನ ಮೇಲಿಟ್ಟು ಕರ್ಚೀಫಲ್ಲಿ ಅದರ ಕಾಲು ಒರೆಸ್ದ. ತಾನು ಮಾತ್ರ ನಿಂತ್ಕೊಂಡೇ ಕುಡಿದ."

"ಕುರ್ಚಿ ಕೈಯಲ್ಲೇ ಇತ್ತಲ್ಲ, ಕೂರಬಹುದಿತ್ತು."

"ನಾನೂ ಅದನ್ನೇ ಅಂದೆ! 'ನಂದಲ್ಲ ಇದು' ಅಂದ."

ಪ್ಲುವಿಯೆ ಇನ್ಸ್‌ಪೆಕ್ಟರನ ಮುಖ ನೋಡಿದ. ಕದ್ದವನು ಹಾಗೇಕೆ ಹೇಳುತ್ತಾನೆಂದು ಇಬ್ಬರಿಗೂ ಹೊಳೆಯಲಿಲ್ಲ.

ಬಾಸ್ತೀಯ್ ಚೌಕ ದಾಟಿ ಸಾಂತ್ ಆಂತ್ವಾನ್ ಕೇರಿಯೊಳಗೆ ಜಾಡು ಸತ್ತಿತು. ಒಂದು ಬಾಗಿಲ ಹಿಂದೆ ಒಂದು ಅಂಗಳ, ಅದರ ಹಿಂದೆ ಇನ್ನೊಂದು ಅಂಗಳ. ಎಲ್ಲ ಕಡೆ ಗರಗಸದ ಸದ್ದು, ಅರಗಿನ ಮೆರುಗೆಣ್ಣೆಯ ವಾಸನೆ, ಪೊಲೀಸರು ಬಂದರೆಂದರೆ ಥಟ್ಟನೆ ಕಿವುಡಾಗುವ ಜನ. "ಕುರ್ಚೀನಾ? ಇಲ್ಲಿ ಕುರ್ಚಿ ಬಿಟ್ಟು ಬೇರೆ ಏನಿದೆ ಸ್ವಾಮಿ?" ಎಂದು ಒಬ್ಬ ಕೇಳಿದರೆ ಸುತ್ತಲಿನವರೆಲ್ಲ ನಕ್ಕರು. ಸಂಜೆ ತನಿಖಾ ನ್ಯಾಯಾಧೀಶರಿಗೆ ವರದಿ ಹೋಯಿತು. ಅವರ ವಾರಂಟ್ ರಾತ್ರಿಯೊಳಗೇ ಬಂತು: ಕುರ್ಚಿ ಯಾರ ಬಳಿ ಸಿಗುವುದೋ ಅವರನ್ನು ದಸ್ತಗಿರಿ ಮಾಡುವುದು, ಕುರ್ಚಿಯನ್ನು ವಶಪಡಿಸಿಕೊಳ್ಳುವುದು.

ವೊಕ್ಲೇರ್ ಕಾರ್ಯಾಲಯದ ಕುರ್ಚಿಯಲ್ಲಿ ತನ್ನ ಸೊಂಟ ಜಾರಿದ್ದು ನೆನಪಾಗಿ, ಶುಕ್ರವಾರ ಬೆಳಗ್ಗೆ ಕೆರ್ದಾನಿಯೆಲ್ ಪ್ರಶ್ನೆಯನ್ನೇ ಬದಲಿಸಿದ. ಕುರ್ಚಿಯ ವಿಷಯ ಬಿಟ್ಟು, ಒಂದೊಂದು ಅಂಗಳದಲ್ಲೂ ಬಾಗಿಲು ಕಾಯುವ ಹೆಂಗಸರನ್ನು ಮಾತಿಗೆಳೆದ. ನಿಮ್ಮ ಕಟ್ಟಡದಲ್ಲಿ ಬೆನ್ನು ನೋವಿನವರು ಯಾರಾದರೂ ಇದ್ದಾರಾ, ನನ್ನ ಅಕ್ಕನಿಗೂ ಅದೇ ಕಾಯಿಲೆ, ಎಂದು. ಅಕ್ಕ ಇದ್ದದ್ದು ನಿಜ, ಕಾಯಿಲೆ ಸುಳ್ಳು. ಆರನೆಯ ಅಂಗಳದ ಹೆಂಗಸು ಪೊರಕೆ ಗೋಡೆಗೊರಗಿಸಿ ನಿಂತಳು.

"ಅಯ್ಯೋ, ನಮ್ಮ ಬ್ಲಾಂದೀನ್ ಇಲ್ವಾ! ಬೆನ್ನುಮೂಳೆ ಕ್ಷಯ. ಚಿಕ್ಕ ವಯಸ್ಸಿನಿಂದಾನೂ. ಮೂರು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ ಪಾಪ, ಇನ್ನೇನು ಮುಗೀತು ಅಂದ್ಕೊಂಡಿದ್ವಿ. ದೇವರು ದೊಡ್ಡೋನು, ಮಂಗಳವಾರದಿಂದ ಮತ್ತೆ ಕಿಟಕೀಲಿ ಕೂತಿದ್ದಾಳೆ. ನೋಡಿ, ಅಲ್ಲಿ!"

ಅವಳು ಖುಷಿಯಿಂದ ಮೇಲೆ ಕೈ ತೋರಿಸಿದಳು. ಐದನೆಯ ಮಹಡಿಯ ಕಿಟಕಿಯಲ್ಲಿ ಬೂದು ಶಾಲು ಹೊದ್ದ ಹೆಂಗಸೊಬ್ಬಳು ತಲೆ ಬಗ್ಗಿಸಿ ಏನೋ ಬಿಡಿಸುತ್ತಿದ್ದಳು. ಕೆರ್ದಾನಿಯೆಲ್‌ಗೆ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ; ಪ್ಲುವಿಯೆಯನ್ನು ಕರೆದುಕೊಂಡು ಮೆಟ್ಟಿಲ ಕಡೆ ನಡೆದ.

ಮೆಟ್ಟಿಲು ಕಿರಿದಾಗಿತ್ತು, ಕಡಿದಾಗಿತ್ತು. ಮೇಲೆ ಬಾಗಿಲು ತೆರೆದೇ ಇತ್ತು. ಅಡುಗೆಮನೆ, ಅದರಲ್ಲೇ ಮಂಚ. ಮೂಲೆಯಲ್ಲಿ ಅದೇ ಆಕಾರದ ಎರಡು ಕುರ್ಚಿಗಳನ್ನು ಒಂದರ ಮೇಲೊಂದು ಬೋರಲು ಹಾಕಿತ್ತು. ಕಿಟಕಿಯ ಬಳಿ ಬ್ಲಾಂದೀನ್ ತಿಬೂರ್ದೊ ಮಡಿಲಲ್ಲಿ ಬಟಾಣಿ ಇಟ್ಟುಕೊಂಡು ಕುಳಿತಿದ್ದಳು. ಬಲ ಭುಜ ಇಳಿದಿತ್ತು, ಬಲಗೈ ತಗ್ಗಿನ ಆಸರೆಯ ಮೇಲೆ ನೆಮ್ಮದಿಯಾಗಿತ್ತು. ಬೆನ್ನು ಎಲ್ಲಿ ತಿರುಚಿತ್ತೋ ಮರವೂ ಅಲ್ಲಿ ತಿರುಚಿತ್ತು. ಪಾದಗಳೆರಡೂ ನೆಲ ಮುಟ್ಟಿದ್ದವು. ಹಿತ್ತಾಳೆ ಗೊರಸಿದ್ದರೆ ಅವು ಎರಡು ಬೆರಳು ಮೇಲೆ ನೇತಾಡುತ್ತಿದ್ದವು.

"ಪೊಲೀಸ್ನೋರಾ? ಕೂತ್ಕೊಳ್ಳಿ. ಮಂಚದ ಮೇಲೆ ಕೂರಬೇಕು, ಬೇಜಾರು ಮಾಡ್ಕೋಬೇಡಿ. ಅವರು ಬ್ರೆಡ್ ತರೋಕೆ ಹೋಗಿದ್ದಾರೆ."

"ಈ ಕುರ್ಚಿ ಯಾರದು ಮದಾಂ?"

"ನಂದು. ಎಂಟು ವರ್ಷದಿಂದ."

ಅಷ್ಟರಲ್ಲಿ ಅನ್ಸೆಲ್ಮ್ ತಿಬೂರ್ದೊ ಬಂದ. ಗಿಡ್ಡ ಆಳು, ನೀಲಿ ಏಪ್ರನ್, ಕಂಕುಳಲ್ಲಿ ಉದ್ದನೆಯ ಬ್ರೆಡ್ಡು. ಇವರನ್ನು ಕಂಡು ಓಡಲಿಲ್ಲ. ಬೋರಲಿಟ್ಟರೆ ಅಪಶಕುನವೆಂದು ಬ್ರೆಡ್ಡನ್ನು ಮೇಜಿನ ಮೇಲೆ ನೋಡಿ ಸರಿಯಾಗಿ ಇಟ್ಟು, ಟೋಪಿ ತೆಗೆದ.

"ನೀನೇನಾ ತಂದಿದ್ದು?"

"ನಾನೇ."

"ಕದ್ದು?"

"ಕೇಳಿದೆ, ಕೊಡಲಿಲ್ಲ. ಅದಕ್ಕೆ ತಂದೆ. ಅವರ ಸಾಮಾನು ಅಲ್ಲೇ ಬಿಟ್ಟು ಬಂದಿದ್ದೀನಿ. ಹಿತ್ತಾಳೆ, ದಿಂಬು, ಒಂದು ತಿರುಪೂ ತಂದಿಲ್ಲ."

"ಕುರ್ಚಿ ವೊಕ್ಲೇರ್ ಕೈಗೆ ಹೇಗೆ ಹೋಯ್ತು?"

ಅನ್ಸೆಲ್ಮ್ ಹೆಂಡತಿಯ ಕಡೆ ನೋಡದೆ ಮಾತಾಡಿದ. ಫೆಬ್ರುವರಿಯಲ್ಲಿ ಮೇಜೊಂದರ ವಿಷಯಕ್ಕೆ ವೊಕ್ಲೇರ್ ಮನೆಗೇ ಬಂದಿದ್ದರು, ಸಾರು ಕುಡಿದರು, ಕುರ್ಚಿ ನೋಡಿದರು, ಪ್ರದರ್ಶನಕ್ಕೆ ಇದರ ಥರದ್ದು ಮಾಡಿಸಲು ಒಂದು ವಾರ ಅಳತೆಗೆ ಕೊಡು ಎಂದರು. ವಾರ ತಿಂಗಳಾಯಿತು. ಕೇಳಿದರೆ ಪ್ರದರ್ಶನ ಮುಗಿಯಲಿ ಎಂದರು. ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕೇಳಿದಾಗ, ಕುರ್ಚಿ ಹಡಗು ಕಂಪನಿಗೆ ಹೋಗುತ್ತದೆ ಎಂದುಬಿಟ್ಟರು.

"ನಿನ್ನ ಹೆಂಡ್ತಿಗೆ ಇನ್ನೊಂದು ಮಾಡ್ಕೊಡು, ನಿನ್ನ ಕೈಗೇನು ಕಷ್ಟ ಅಂದ್ರು."

"ಮಾಡ್ಬಹುದಿತ್ತಲ್ಲ?"

ಅನ್ಸೆಲ್ಮ್ ಮೂಲೆಯ ಕುರ್ಚಿಗಳತ್ತ ಕೈ ಮಾಡಿದ. "ಎರಡು ಮಾಡ್ದೆ. ಅರ್ಧ ಗಂಟೆ ಕೂತ್ಲು, ಮುಖ ಸುಣ್ಣ ಆಯ್ತು. ಅದಕ್ಕೆ ಅಳತೆ ಇಲ್ಲ ಸಾಹೇಬ್ರೆ. ಅವಳು ಕೂತಿರ್ತಿದ್ಲು, ಇಲ್ಲಿ ನೋವು ಅಂದಲ್ಲಿ ಕೆರೀತಿದ್ದೆ. ಬೆನ್ನು ಬಗ್ಗಿದ ಹಾಗೆ ಮರಾನೂ ಕೆರೆದೆ. ಎಂಟು ವರ್ಷ. ಈಗ ಹೊಸದಾಗಿ ಶುರು ಮಾಡಿದ್ರೆ ಇನ್ನೆಂಟು ವರ್ಷ ಬೇಕು. ಅಷ್ಟು ಟೈಮ್..."

"ನನ್ನ ಹತ್ರ ಇಲ್ಲ," ಎಂದು ಬ್ಲಾಂದೀನ್ ಮುಗಿಸಿದಳು. "ಹೇಳ್ಬಹುದು, ನಂಗೇನೂ ಬೇಜಾರಿಲ್ಲ."

ಕೆರ್ದಾನಿಯೆಲ್ ವಾರಂಟ್ ತೆಗೆದು ಓದಿದ. ಓದುವಾಗ ಅವನ ದನಿ ಎಂದಿಗಿಂತ ಸಣ್ಣದಿತ್ತು. ಕುರ್ಚಿ ವೊಕ್ಲೇರ್ ಹೆಸರಿನಲ್ಲಿ ಪ್ರದರ್ಶನದ ಸುಪರ್ದಿಯಲ್ಲಿತ್ತು. ನಿಜವಾಗಿ ಅದು ಯಾರದ್ದೆಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ತನ್ನ ಕೆಲಸ ದಸ್ತಗಿರಿ ಮತ್ತು ಮುದ್ದೆಮಾಲು.

ಪ್ಲುವಿಯೆ ಪಿಸುಗುಟ್ಟಿದ. "ಸಾರ್, ಮುದ್ದೆಮಾಲಿನ ಮೇಲೆ ಆಯಮ್ಮ ಕೂತಿದ್ದಾರೆ."

"ಕಾಣ್ತಿದೆ."

"ಎಬ್ಬಿಸ್ಬೇಕಾ?"

ಕೆರ್ದಾನಿಯೆಲ್ ವಾರಂಟನ್ನು ಇನ್ನೊಮ್ಮೆ ಓದಿದ. "ವಶಪಡಿಸಿಕೊಳ್ಳಿ ಅಂತಿದೆ. ಹೊತ್ಕೊಂಡು ಬನ್ನಿ ಅಂತಿಲ್ಲ. ದೊಡ್ಡ ಸಾಮಾನನ್ನ ಸಿಕ್ಕಿದ ಜಾಗದಲ್ಲೇ ಮುದ್ರೆ ಹಾಕಿ ಒಬ್ಬರ ಸುಪರ್ದಿಗೆ ಕೊಡಬಹುದು. ಮೆಟ್ಟಿಲು ಕಿರಿದು ಅಂತ ಬರ್ಕೋ."

"ಅದೇ ಮೆಟ್ಟಿಲಲ್ಲೇ ತಾನೇ ಸಾರ್ ಅದು ಮೇಲೆ ಬಂದಿದ್ದು?"

"ಬರ್ಕೊಳ್ಳೋ ಅಂದ್ರೆ ಬರ್ಕೋ."

ಬಾಗಿಲು ಕಾಯುವ ಹೆಂಗಸನ್ನೂ ಕೆಳಗಿನ ಮಹಡಿಯ ಮುದುಕನನ್ನೂ ಪಂಚರಾಗಿ ಕರೆಸಿ ಮಹಜರು ಬರೆದರು. ಕೆರ್ದಾನಿಯೆಲ್ ಮಂಡಿಯೂರಿ ಕುರ್ಚಿಯ ಹಿಂಗಾಲಿಗೆ ಚೀಟಿ ಕಟ್ಟಿ ಕೆಂಪು ಅರಗಿನ ಮುದ್ರೆ ಒತ್ತಿದ. ಸುಪರ್ದಿದಾರರು: ಮದಾಂ ಬ್ಲಾಂದೀನ್ ತಿಬೂರ್ದೊ. ಬಟಾಣಿಯ ಸಿಪ್ಪೆ ಒರೆಸಿಕೊಂಡು ಅವಳು ಎಡಗೈಯಲ್ಲಿ ಸಹಿ ಹಾಕಿದಳು. ಪೊಲೀಸರಿಗೆ ಈ ಮನೆ ತೋರಿಸಿಕೊಟ್ಟವಳು ತಾನೇ ಎಂದು ಆ ಬಾಗಿಲ ಹೆಂಗಸಿಗೆ ಈಗ ಗೊತ್ತಾಗಿತ್ತು; ತನ್ನ ಬಾಯನ್ನೇ ಶಪಿಸುತ್ತ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಷ್ಟಕ್ಕೆ ಎಲ್ಲ ಮುಗಿಯಿತೆಂದು ಪ್ಲುವಿಯೆ ಬೇಡಿ ತೆಗೆದ. ಆಗ ಬ್ಲಾಂದೀನ್ ಕೇಳಿದಳು:

"ಸಂಜೆ ನನ್ನ ಎತ್ತೋರ್ಯಾರು?"

ಕುರ್ಚಿಯಿಂದ ಮಂಚಕ್ಕೆ ಮೂರು ಹೆಜ್ಜೆ ಇತ್ತು. ಆ ಮೂರು ಹೆಜ್ಜೆ ಅವಳನ್ನು ಎಂಟು ವರ್ಷ ಎತ್ತಿದ್ದು ಒಂದೇ ಜೊತೆ ಕೈ.

ಅನ್ಸೆಲ್ಮ್ ಪ್ಲುವಿಯೆಗೆ ಹೇಳಿಕೊಟ್ಟ. "ಮೊದಲು ಎಡಗೈ ಮಂಡಿ ಕೆಳಗೆ. ಬಲ ಭುಜ ಹಿಡಿದು ಎಳೀಬೇಡಪ್ಪ. ಅವಳು ಉಸಿರು ಬಿಟ್ಟಾಗ ಎತ್ತು, ಎಳ್ಕೊಂಡಾಗ ಬೇಡ. ನೋವಾದ್ರೆ ಹೇಳಲ್ಲ ಅವಳು, ಮುಖ ನೋಡ್ಕೋಬೇಕು." ಆಮೇಲೆ ಕೈ ಮುಂದೆ ಚಾಚಿದ. ಬೇಡಿ ಹಾಕಬೇಡವೆಂದು ಕೆರ್ದಾನಿಯೆಲ್ ಸನ್ನೆ ಮಾಡಿದ.

ಜೀಪು ಬಾಸ್ತೀಯ್ ದಾಟಿತು.

"ಒಂದ್ಮಾತು ಕೇಳ್ತೀನಿ. ವಾರಕ್ಕೆ ಅಂದ್ರೂ ಅವತ್ತು ಕೊಟ್ಟಿದ್ದು ಯಾಕೆ? ಅವಳಿಗೆ ಬೇಕು ಅಂತ ಗೊತ್ತಿತ್ತಲ್ಲ," ಎಂದ ಕೆರ್ದಾನಿಯೆಲ್.

"ಸಾವಿರ ಜನ ನೋಡ್ತಾರೆ ಅಂದ್ರು ಸಾಹೇಬ್ರೆ. ಗಾಜಿನ ಛಾವಣಿ ಕೆಳಗೆ, ದೀಪ ಹಾಕಿ. ನಲವತ್ತು ವರ್ಷ ಕೆಲಸ ಮಾಡಿದ್ದೀನಿ, ನಾನು ಮಾಡಿದ್ದನ್ನ ಯಾರೂ ನಿಂತು ನೋಡಿದ್ದಿಲ್ಲ. ಅವಳನ್ನ ಒಂದು ಮಾತು ಕೇಳ್ದೆ ತಲೆ ಮೇಲೆ ಇಟ್ಕೊಂಡು ನಾನೇ ತಲುಪಿಸಿ ಬಂದೆ." ಅವನು ತನ್ನ ಅಂಗೈಗಳನ್ನೇ ನೋಡುತ್ತಿದ್ದ. "ಮೂರು ತಿಂಗಳು ಗೋಡೆ ನೋಡ್ಕೊಂಡು ಮಲಗಿದ್ಲು. ಒಂದು ಸಲನಾದ್ರೂ ಬೈದಿದ್ರೆ ಕದೀತಿರಲಿಲ್ಲವೇನೋ. ಬೈಲಿಲ್ಲ. 'ಪ್ರದರ್ಶನ ಚೆನ್ನಾಗಾಗ್ಲಿ' ಅಂದ್ಲು."

ಠಾಣೆಯಲ್ಲಿ ವೊಕ್ಲೇರ್ ಕಾಯುತ್ತಿದ್ದರು. ಕುರ್ಚಿ ಸಿಕ್ಕಿದೆ, ಮುದ್ರೆ ಬಿದ್ದಿದೆ, ನಾಳೆ ಸಿಗುವುದಿಲ್ಲ ಎಂದಾಗ ಅವರ ಮುಖ ಕಪ್ಪಿಟ್ಟಿತು. "ಒಬ್ಬ ಬಡಗಿ ಮನೇಲಿ ಕೂರೋಕೆ ಬೇರೆ ಕುರ್ಚಿ ಇರಲ್ವೇನ್ರೀ?" ಎಂದು ಕೂಗಾಡಿದರು. ಪಾಪ, ಅವರು ಅದನ್ನು ನಿಜಕ್ಕೂ ಅರ್ಥವಾಗದೇ ಕೇಳಿದ್ದು.

ಪ್ಲುವಿಯೆ ಅಂದು ಕೆಲಸ ಮುಗಿದ ಮೇಲೆ ಮನೆಗೆ ಹೋಗಲಿಲ್ಲ. ಶನಿವಾರ ಬೆಳಗ್ಗೆ ಏಳಕ್ಕೆ ಠಾಣೆಗೆ ಬಂದಾಗ ಅವನ ಕಣ್ಣು ಕೆಂಪಗಿತ್ತು.

"ಎತ್ತಿದ್ಯಾ?" ಎಂದು ಕೇಳಿದ ಕೆರ್ದಾನಿಯೆಲ್.

"ಅವರು ಹೇಳಿಕೊಟ್ಟ ಹಾಗೇ ಹಿಡಿದೆ ಸಾರ್. ಉಸಿರು ಬಿಟ್ಟಾಗಲೇ. ಎರಡು ಸಲ. ಮುಖ ನೋಡಿದೆ, ಮತ್ತೆ ಕೂರಿಸಿಬಿಟ್ಟೆ. 'ಹೋಗ್ಲಿ ಬಿಡಪ್ಪ, ನಿನ್ನ ತಪ್ಪಲ್ಲ, ಇಲ್ಲೇ ಮಲಗ್ತೀನಿ' ಅಂದ್ರು."

"ಈಗ?"

"ಅಲ್ಲೇ ಇದ್ದಾರೆ. ಕುರ್ಚೀಲೇ. ಕಾಲು ಊದಿಕೊಂಡಿದೆ."

ಕೆರ್ದಾನಿಯೆಲ್ ಟೋಪಿ ತೆಗೆದುಕೊಂಡ. ತನಿಖಾ ನ್ಯಾಯಾಧೀಶರ ಕಚೇರಿ ತೆರೆಯುವುದು ಹತ್ತಕ್ಕೆ, ಆಮೇಲೆ ಅವರೂ ಉದ್ಘಾಟನೆಗೆ ಹೊರಡುವವರು. ಅನ್ಸೆಲ್ಮ್‌ನನ್ನು ಮನೆಗೆ ಬಿಡುವ ಆದೇಶ ಕೇಳಲೆಂದು ಎಂಟಕ್ಕೆಲ್ಲ ಅವನು ಅವರ ಬಾಗಿಲೆದುರಿನ ಬೆಂಚಿನ ಮೇಲಿದ್ದ. ಬೆಂಚು ಗಟ್ಟಿಯಾಗಿತ್ತು, ಬೆನ್ನಿಗೆ ಆಸರೆ ಇರಲಿಲ್ಲ. ಅವನು ಅಲ್ಲೇ ಕುಳಿತು ಕಾದ.